ವರ್ಕಿ ಚೇಟನಿಗೆ ಹೇಳಿದ ಹಂದಿಯ ಕತೆ

ದರ್ಬೆಯ ನನ್ನ ಪಶುಚಿಕಿತ್ಸಾಲಯದ ಕಪಾಟನ್ನು ಮೊನ್ನೆ ಚೊಕ್ಕ ಮಾಡುವಾಗ ತಳದಲ್ಲೊಂದು ಉದ್ದನೆಯ ಉಕ್ಕಿನ ಪಟ್ಟಿ ಸಿಕ್ಕಿತು. ತುದಿಯಲ್ಲಿ ಪುಟ್ಟ ಬಲ್ಬು. ಬೆಕ್ಕಿಗೆ ಚುಚ್ಚುಮದ್ದು ಹಾಕಿಸಲು ಬಂದಿದ್ದ ಹೆಂಗಸೊಬ್ಬರು ಅದನ್ನು ಕಂಡದ್ದೇ ಬೆಕ್ಕನ್ನು ಎದೆಗೆ ಅವುಚಿಕೊಂಡರು.

"ಎಂತ ಸರ್ ಅದು? ಇದರ ಬಾಯಿಗೆ ಹಾಕುದಾ?"

"ಇಲ್ಲಮ್ಮ, ಇದು ಹಂದಿಗೆ."

ಅವರಿಗೆ ಸಮಾಧಾನವಾಯಿತು. ನನಗೆ ಮಾತ್ರ ಆಮೇಲೆ ಬೆಕ್ಕು, ನಾಯಿ ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ.

ನೀವು ಎಂದಾದರೂ ಹಂದಿಯ ಗಂಟಲೊಳಗೆ ಇಣುಕಿದ್ದೀರಾ? ಇಣುಕಿರಲಾರಿರಿ. ಅದೊಂದು ಉದ್ದನೆಯ ಕತ್ತಲೆ. ಶ್ವಾಸನಾಳದ ಬಾಯಿ ಎಲ್ಲೋ ಕೊನೆಯಲ್ಲಿರುತ್ತದೆ; ಸ್ವಲ್ಪ ಒರಟಾಗಿ ಮುಟ್ಟಿದರೆ ಮುನಿಸಿಕೊಂಡವರ ಮನೆಬಾಗಿಲಿನಂತೆ ಪಟ್ಟನೆ ಮುಚ್ಚಿಕೊಳ್ಳುತ್ತದೆ. ಆ ಪಟ್ಟಿಯಿಂದ ನಾಲಗೆಯನ್ನು ಒತ್ತಿ ಹಿಡಿದು, ಬಲ್ಬಿನ ಬೆಳಕಿನಲ್ಲಿ ಬಾಗಿಲು ಹುಡುಕಿ, ಉಸಿರಾಟದ ನಳಿಕೆಯನ್ನು ಇಳಿಸಬೇಕು. ಮೊದಲ ಸಲ ಆ ಕೆಲಸಕ್ಕೆ ಕೈಹಾಕಿದಾಗ ಹಂದಿಗಿಂತ ಮೊದಲು ನಾನೇ ಪ್ರಜ್ಞೆ ತಪ್ಪುವ ಹಾಗಿದ್ದೆ.

"ಅಯ್ಯೋ ಮಾರಾಯ್ರೆ, ಮೆಲ್ಲ! ಅದೆಂತ ಬಾವಿಗೆ ಕೊಡಪಾನ ಇಳಿಸುದಾ?" ಎಂದು ಮೇಜಿನ ಆಚೆಯಿಂದ ಮುಖಗವಸಿನ ಹಿಂದಿನ ದನಿಯೊಂದು ಕೇಳಿತು.

ದೊಡ್ಡ ಪಟ್ಟಣದ ಸಂಶೋಧನಾ ಕೇಂದ್ರವೊಂದರಲ್ಲಿ ಅಂಥ ಕನ್ನಡ ಕೇಳಿದರೆ ಯಾರು ಸುಮ್ಮನಿರುತ್ತಾರೆ? ಊರು ಕೇಳಿದೆ. "ನೆಲ್ಯಾಡಿ. ನಿಮ್ದು?" "ಐವರ್ನಾಡು." ಹೀಗೆ ಮಲಗಿದ ಹಂದಿಯೊಂದರ ಮೇಲಿಂದ ನನಗೆ ಡಾಕ್ಟರ್ ಲಿಸ್ಸಿಯ ಪರಿಚಯವಾಯಿತು. ಅವಳು ಮನುಷ್ಯರ ಶಸ್ತ್ರವೈದ್ಯೆ, ನಾನು ಹಂದಿಗಳಿಗೆ ಅರಿವಳಿಕೆ ಕೊಡುವ ಪಶುವೈದ್ಯ. ಯಕೃತ್ತು, ಅಂದರೆ ನಾವೆಲ್ಲ ಲಿವರ್ ಎನ್ನುವ ಅಂಗ, ಕತ್ತರಿಸಿದರೂ ಮತ್ತೆ ಬೆಳೆಯುತ್ತದೆ. ಆದರೆ ಎಷ್ಟು ಕತ್ತರಿಸಬಹುದು, ಉಳಿದ ಚೂರನ್ನು ಹೇಗೆ ಕಾಪಾಡಬೇಕು ಎಂಬುದು ನಮ್ಮ ಪ್ರಶ್ನೆಯಾಗಿತ್ತು. ಹಂದಿಯ ತೂಕ, ಅದರ ರಕ್ತನಾಳಗಳ ಗಾತ್ರ ಹೆಚ್ಚುಕಡಿಮೆ ನಮ್ಮದರಂತೆಯೇ. ನನ್ನ ತೂಕವನ್ನು ಅಲ್ಲಿಯ ತಕ್ಕಡಿಯಲ್ಲೇ ನೋಡಿಕೊಂಡದ್ದರಿಂದ ಈ ವಿಷಯದಲ್ಲಿ ನನಗೆ ಅನುಮಾನವಿಲ್ಲ.

ರಜೆಯಲ್ಲಿ ಇಬ್ಬರೂ ಒಂದೇ ರೈಲಿನಲ್ಲಿ ಬಂದು ನೆಟ್ಟಣದಲ್ಲಿ ಇಳಿಯುತ್ತಿದ್ದೆವು. ಲಿಸ್ಸಿಯ ಅಪ್ಪ ವರ್ಕಿ ಚೇಟ ಜೀಪು ತಂದು ಕಾಯುತ್ತಿದ್ದರು; ಅವರ ಮನೆಮಾತು ಮಲಯಾಳದಲ್ಲಿ ಚೇಟ ಎಂದರೆ ಅಣ್ಣ. ರಬ್ಬರು ಕೃಷಿಯ ಜೊತೆ ಮನೆಯ ಹಿಂದೆ ಹಂದಿ ಸಾಕುತ್ತಿದ್ದ ಗಟ್ಟಿ ಆಳು. ಹೆಂಡವನ್ನು ಮೂಸಿಯೂ ನೋಡಿದವರಲ್ಲ.

"ಡಾಕ್ಟ್ರೆ, ಪ್ರತಿ ಕ್ರಿಸ್ಮಸ್‌ಗೆ ಹಂದಿ ಕೊಯ್ಯುದು ನಾನು. ಅದಕ್ಕೆ ಒಂದು ಪುಸ್ತಕ ಓದಿದವ ಅಲ್ಲ. ಇವಳು ಹಂದಿ ಕೊಯ್ಲಿಕ್ಕೆ ಅರ್ಧ ಆಯುಷ್ಯ ಓದಿದ್ದಾಳೆ!"

"ಅಪ್ಪಚ್ಚ ಕೊಯ್ದದ್ದು ಎದ್ದು ನಿಲ್ಲುದಿಲ್ಲ. ನಾನು ಕೊಯ್ದದ್ದು ನಿಲ್ಬೇಕು" ಎಂದು ಲಿಸ್ಸಿ ಚೀಲ ಎತ್ತಿ ಜೀಪಿಗೆಸೆದಳು.

ನಿಜ ಹೇಳಬೇಕೆಂದರೆ, ಆಗ ನಿಲ್ಲುತ್ತಿರಲಿಲ್ಲ. ಯಕೃತ್ತಿನ ಬಹುಭಾಗ ತೆಗೆದ ಹಂದಿಗಳು ಒಂದರ ಹಿಂದೆ ಒಂದು ಸಾಯುತ್ತಿದ್ದವು. ದೊಡ್ಡ ತೋಡಿನ ನೀರನ್ನೆಲ್ಲ ಸಣ್ಣ ಕಣಿಗೆ ತಿರುಗಿಸಿದರೆ ಬದು ಒಡೆಯುವುದಿಲ್ಲವೇ? ಹಾಗೆ, ಇಡೀ ಯಕೃತ್ತಿಗೆ ಬರಬೇಕಾದ ರಕ್ತವೆಲ್ಲ ಉಳಿದ ಚೂರಿಗೆ ನುಗ್ಗಿ ಅದನ್ನು ಕೆಡಿಸುತ್ತಿತ್ತು. ಯೋಜನೆ ನಿಲ್ಲಿಸುವ ಮಾತು ಮೇಲಿನವರಿಂದ ಬಂತು. ಲಿಸ್ಸಿ ಊಟ ಬಿಟ್ಟಳು. ನಾನು ಇಬ್ಬರ ಪಾಲನ್ನೂ ಉಂಡು ಸಂಕಟಪಟ್ಟೆ.

ಕೊನೆಗೆ ಅವಳು, ಬೇರೆ ಕಡೆಯವರು ಮಾಡಿ ನೋಡಿದ್ದ ಒಂದು ಉಪಾಯಕ್ಕೆ ಕೈಹಾಕಿದಳು. ಗುಲ್ಮಕ್ಕೆ, ಅಂದರೆ ಸ್ಪ್ಲೀನಿಗೆ, ಹೋಗುವ ರಕ್ತನಾಳವನ್ನು ಕಟ್ಟಿ, ಅಲ್ಲಿಂದ ಯಕೃತ್ತಿಗೆ ನುಗ್ಗುವ ಹರಿವನ್ನು ತಗ್ಗಿಸಿದಳು. ಹಾಗೆ ಮಾಡಿದ್ದು ಎಡಗಿವಿ ಹರಿದಿದ್ದ ಒಂದು ಹೆಣ್ಣುಹಂದಿಗೆ. ಮರುದಿನ ಬೆಳಿಗ್ಗೆ ಕೊಟ್ಟಿಗೆಯ ಬಾಗಿಲು ತೆರೆಯಲು ಇಬ್ಬರಿಗೂ ಧೈರ್ಯವಿಲ್ಲ. ಒಳಗಿಂದ ಬಕೆಟ್ಟು ಉರುಳಿದ ಸದ್ದು ಬಂತು. ತೆರೆದರೆ ಹಂದಿ ನಾಲ್ಕು ಕಾಲ ಮೇಲೆ ನಿಂತು, ತಿಂಡಿ ಇನ್ನೂ ಯಾಕೆ ಬಂದಿಲ್ಲ ಎಂಬಂತೆ ನಮ್ಮನ್ನೇ ನೋಡುತ್ತಿತ್ತು! ವಾರಗಳ ನಂತರ ಸ್ಕ್ಯಾನ್ ಮಾಡಿದೆವು. ಯಕೃತ್ತಿನ ಕತ್ತರಿಸಿದ ಹಾಲೆಗಳು ಚಿಗುರಿರಲಿಲ್ಲ; ಉಳಿದ ಹಾಲೆಯೇ ಉಬ್ಬಿ ಬೆಳೆದು ಜಾಗವನ್ನೆಲ್ಲ ತುಂಬಿತ್ತು. "ವಳರ್ನ್ನು! ಬೆಳೆದಿದೆ ಮಾರಾಯ್ರೆ, ಬೆಳೆದಿದೆ!" ಎಂದು ಲಿಸ್ಸಿ ಎರಡು ಭಾಷೆಯಲ್ಲಿ ಕಿರುಚಿದಳು.

ಆ ಹಂದಿಗಳು ಯಾವುವೂ ಅಲ್ಲಿಂದ ಹೊರಗೆ ಹೋಗಲಿಲ್ಲ. ಅಧ್ಯಯನ ಮುಗಿದಾಗ ಅವನ್ನು ನೋವಿಲ್ಲದಂತೆ ಕೊನೆಯ ನಿದ್ದೆಗೆ ಕಳಿಸುವ ಕೆಲಸವೂ ನನ್ನದೇ. ಹರಿದ ಕಿವಿಯದಕ್ಕೆ ಆ ಸೂಜಿ ಹಾಕುವಾಗ ನನ್ನ ಕಣ್ಣು ಮಂಜಾಗಿತ್ತು. ಊರಿಗೆ ಬಂದು ದರ್ಬೆಯಲ್ಲಿ ನೆಲೆಸಿದ ಮೇಲೆ, ಹಿಂದೆ ಎಂತ ಮಾಡಿಕೊಂಡಿದ್ದಿರಿ ಎಂದು ಯಾರಾದರೂ ಕೇಳಿದರೆ "ಏನೋ ಸಣ್ಣ ಸಂಶೋಧನೆ" ಎಂದು ಮಾತು ತಿರುಗಿಸುತ್ತಿದ್ದೆ.

ಹೀಗಿರುತ್ತ ಒಂದು ದಿನ ಲಿಸ್ಸಿಯ ಫೋನು ಬಂತು. ವರ್ಕಿ ಚೇಟನ ಯಕೃತ್ತು ಕೈಕೊಟ್ಟಿತ್ತು. ಬದಲಿ ಸಿಗದಿದ್ದರೆ ಹೆಚ್ಚು ಕಾಲವಿಲ್ಲ. ತನ್ನದರಲ್ಲಿ ಒಂದು ಭಾಗ ಕೊಡಲು ಅವಳು ಸಿದ್ಧ, ಪರೀಕ್ಷೆಗಳೂ ಹೊಂದಿದ್ದವು. ಆದರೆ ಅಪ್ಪ ಒಪ್ಪುತ್ತಿಲ್ಲ. "ನೀವೊಮ್ಮೆ ಬನ್ನಿ" ಎಂದಳು.

ಹೋದೆ. ಜೀಪು ಓಡಿಸುತ್ತಿದ್ದ ಆ ಗಟ್ಟಿ ಆಳು ಅರಶಿನದ ಬಣ್ಣಕ್ಕೆ ತಿರುಗಿ, ಹೊಟ್ಟೆ ಊದಿ, ಜಗಲಿಯ ಕುರ್ಚಿಯಲ್ಲಿ ಮುದುಡಿದ್ದರು.

"ಮಗಳ ಲಿವರ್ ತಿಂದು ಬದುಕುದಾ ನಾನು?"

"ತಿನ್ನುದೆಂತಕ್ಕೆ ಅಪ್ಪಚ್ಚ? ನನ್ನದು ಮತ್ತೆ ಬೆಳಿತದೆ. ನಿಮ್ಮದೂ ಬೆಳಿತದೆ."

"ಅದು ಹಂದಿಗೆ. ನೀನು ಹಂದಿಯಾ?"

"ಸಣ್ಣದಿರುವಾಗ ನೀವು ಕರೆದದ್ದು ಹಾಗೆಯೇ ಅಲ್ವಾ?"

ಅವರು ನಗಲಿಲ್ಲ. ನನ್ನ ಕಡೆ ತಿರುಗಿದರು. "ಡಾಕ್ಟ್ರೆ, ಇವಳು ನನಗೋಸ್ಕರ ಸುಳ್ಳು ಹೇಳ್ತಾಳೆ. ನೀವು ಹೇಳಿ. ಇವಳಿಗೆ ಎಂತಾದ್ರೂ ಆದ್ರೆ?"

ಏನೂ ಆಗುವುದಿಲ್ಲವೆಂದು ಹೇಳಲು ನಾನು ಯಾರು? ಅಪಾಯ ಉಂಟು ಎಂದೇ ಹೇಳಿದೆ. ಮತ್ತೆ ಹರಿದ ಕಿವಿಯ ಹಂದಿಯ ಕತೆ ಹೇಳಿದೆ. ಉರುಳಿದ ಬಕೆಟ್ಟು, ತುಂಬಿದ ಜಾಗ, ಒಂದನ್ನೂ ಬಿಡದೆ. "ಅದರಲ್ಲಿ ಉಳಿಸಿದ್ದಕ್ಕಿಂತ ಎಷ್ಟೋ ಹೆಚ್ಚು ಇವಳಲ್ಲಿ ಉಳಿಸ್ತಾರೆ. ನಾನು ಕಣ್ಣಾರೆ ಕಂಡದ್ದು ಹೇಳಿದೆ ಚೇಟ."

ಹಂದಿಯ ವಿಷಯ ಬಂದರೆ ಆ ಮನುಷ್ಯನನ್ನು ಮರುಳು ಮಾಡಲಾಗುವುದಿಲ್ಲ. ಎಷ್ಟು ತಿಂತಿತ್ತು, ಸೆಗಣಿ ಹೇಗಿತ್ತು, ಕಣ್ಣಿನ ಬಣ್ಣ ಎಂತ ಎಂದು ಒಂದೊಂದೇ ಕೇಳಿದರು. ಎಲ್ಲಕ್ಕೂ ಉತ್ತರಿಸಿದೆ. ಆಮೇಲೆ ಮಗಳ ಕೈ ಹಿಡಿದು, "ಸರಿ, ಹೋಗುವ" ಎಂದರು.

ಶಸ್ತ್ರಚಿಕಿತ್ಸೆಯ ದಿನ ಹೊರಗಿನ ಬೆಂಚಿನಲ್ಲಿ ಕೂತಾಗ ನನಗೆ ಮಾಡಲು ಕೆಲಸವೇ ಇರಲಿಲ್ಲ. ಒಳಗೆ ಯಾರೋ ಅವಳಿಗೆ ನಳಿಕೆ ಇಳಿಸುತ್ತಿರುವರು, ಮೆಲ್ಲ ಇಳಿಸಲಿ ಎಂದುಕೊಂಡೆ. ಇಬ್ಬರೂ ಗೆದ್ದು ಬಂದರು. ತಿಂಗಳುಗಳ ಬಳಿಕ ಲಿಸ್ಸಿ ತನ್ನ ಸ್ಕ್ಯಾನನ್ನು ಬೆಳಕಿಗೆ ಹಿಡಿದಳು. ಅಪ್ಪನ ಸ್ಕ್ಯಾನನ್ನು ಪಕ್ಕಕ್ಕೆ ಹಿಡಿದು, ಎರಡನ್ನೂ ನನಗೆ ತೋರಿಸಿ ಅತ್ತಳು. ಒಂದು ಯಕೃತ್ತು ಎರಡಾಗಿತ್ತು, ಎರಡೂ ತುಂಬಿಕೊಂಡಿದ್ದವು.

ಈಗ ಯಾರಾದರೂ ಕೇಳಿದರೆ ನಾನು ಮಾತು ತಿರುಗಿಸುವುದಿಲ್ಲ. ಕೇಳಿದವರು ಎದ್ದು ಹೋಗುವ ತನಕ ಹೇಳುತ್ತೇನೆ.

ನಿನ್ನೆ ಭಾನುವಾರ ನೆಲ್ಯಾಡಿಗೆ ಹೋಗಿದ್ದೆ. ರಬ್ಬರು ಗುಡ್ಡದ ತುದಿಯಲ್ಲಿ ಹಾಕಿದ ಹೊಸ ಮರಗೆಣಸು ತೋರಿಸುತ್ತೇನೆಂದು ವರ್ಕಿ ಚೇಟ ಹೊರಟರು. ಇನ್ನೇನು ತುದಿ ತಲುಪಬೇಕು ಎನ್ನುವಾಗ ನಾನು ಮರ ಹಿಡಿದು ನಿಂತೆ, ಎದೆ ಡವಗುಡುತ್ತಿತ್ತು. ಅವರು ಆಗಲೇ ಮೇಲೆ ತಲುಪಿ, ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು.

"ಎಂತ ಡಾಕ್ಟ್ರೆ, ಎಳೀಬೇಕಾ?"

"ಎಳೀರಿ" ಎಂದು ಕೈ ನೀಡಿದೆ. ಅವರು ನಾಲ್ಕು ಹೆಜ್ಜೆ ಇಳಿದು ಬಂದು, ಹಿಡಿದು, ಒಂದೇ ಎಳೆತಕ್ಕೆ ನನ್ನನ್ನು ಮೇಲಕ್ಕೆ ತಂದರು.