ಮರಳುಗಾಡಿನಲ್ಲಿ ನನ್ನ ಪಾಲಿನ ಪದ

ಹೋದ ವರ್ಷ ಸಂಕ್ರಾಂತಿಯ ಬೆನ್ನಿಗೇ ನಡೆದ ಮಾತು ಇದು. ಯಾರಾದರೂ ಕೇಳಿದರೆ ಈಗ ನಗುತ್ತಲೇ ಹೇಳುತ್ತೇನೆ. ಆಗ ಮಾತ್ರ ನನ್ನ ಹೊಟ್ಟೆಯೊಳಗಿನ ಕಿಚ್ಚಿನಲ್ಲಿ ಮನೆಮಂದಿಗೆಲ್ಲ ರೊಟ್ಟಿ ಸುಡಬಹುದಿತ್ತು.

ನಮ್ಮದು ಕಲಘಟಗಿ ತಾಲ್ಲೂಕಿನ ತಂಬೂರ. ನಾನು ಅಂಗನವಾಡಿ ಟೀಚರ್. ಶಾಂತಾ ನನ್ನ ಮೈದುನನ ಹೆಂಡತಿ, ನಮ್ಮ ಕಡೆ ನೆಗೆಣ್ಣಿ ಅನ್ನುತ್ತೇವೆ. ಇಬ್ಬರದೂ ಗೋಡೆಗೆ ಗೋಡೆ ಹತ್ತಿದ ಮನೆ. ಊರಿಗೆ ಗಿರಣಿ ಬಂದು ಎಷ್ಟೋ ಕಾಲವಾದರೂ ನಮ್ಮಲ್ಲಿ ಮದುವೆಯ ಅರಿಷಿಣವನ್ನು ಇನ್ನೂ ಬೀಸುವ ಕಲ್ಲಿನಲ್ಲೇ ಬೀಸಬೇಕು, ಬೀಸುವಾಗ ಪದ ಹಾಡಬೇಕು. ಅದಕ್ಕೆ ಎಲ್ಲರೂ ಕರೆಯುವುದು ನಮ್ಮಿಬ್ಬರನ್ನೇ. ಎದುರುಬದುರು ಕೂತು, ಒಂದೇ ಗೂಟ ಹಿಡಿದು ಕಲ್ಲು ತಿರುಗಿಸುತ್ತ ನಾನು ಮೊದಲಿನ ಅರ್ಧ ಎತ್ತಿಕೊಡುತ್ತೇನೆ, ಅವಳು ಉಳಿದರ್ಧ ಮುಗಿಸುತ್ತಾಳೆ. ಪದಗಳೆಲ್ಲ ನನಗೆ ನಮ್ಮತ್ತೆಯಿಂದ ಬಂದವು. ದುಮ್ಮವಾಡದಿಂದ ಮದುವೆಯಾಗಿ ಬಂದಾಗ ಶಾಂತಾಗೆ ಒಂದು ಪದವೂ ಬರುತ್ತಿರಲಿಲ್ಲ. ಕಲಿಸಿದವಳು ನಾನು. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಗ ಯಾರೂ ಕೇಳಲಿಲ್ಲ.

ಒಂದು ಮದುವೆಯಲ್ಲಿ ನಾವು ಹಾಡಿದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಹರಿಬಿಟ್ಟಿದ್ದರು. ಅದನ್ನು ನೋಡಿ ರಾಜಸ್ಥಾನದಿಂದ ಫೋನ್ ಬಂತು. ಅಲ್ಲಿ ಮರಳುಗಾಡಿನ ನಡುವೆ ವರ್ಷಕ್ಕೊಮ್ಮೆ ಸಂಗೀತ, ಕಲೆಗಳ ದೊಡ್ಡ ಉತ್ಸವ ನಡೆಯುತ್ತದಂತೆ. ದೇಶವಿದೇಶದ ಜನ ಡೇರೆ ಹಾಕಿಕೊಂಡು ಇರುತ್ತಾರಂತೆ. ಹಾಡಲು ಒಬ್ಬರಿಗೆ ಮಾತ್ರ ಜಾಗ ಇದೆ, ಆ ಸಣ್ಣ ದನಿಯವರು ಬರಲಿ ಅಂದರು. ಸಣ್ಣ ದನಿ ಅಂದರೆ ಶಾಂತಾ. ನನ್ನದು ದಪ್ಪ ದನಿ. ದಪ್ಪ ದನಿಗೆ ಮೈಕೇ ಬೇಕಾಗಿಲ್ಲ ಅನ್ನುವುದು ಆ ಜನಕ್ಕೆ ಹೊಳೆಯಲೇ ಇಲ್ಲ.

ಶಾಂತಾ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

“ಅಕ್ಕಾ, ಒಂಟಿ ಮ್ಯಾಲೆ ಕೂಡ್ಸತಾರಂತ ಬೇ!”

“ಜ್ವಾಕಿ. ಬಿದ್ದಗಿದ್ದಿ,” ಅಂದೆ.

“ನಿನ್ನ ಕೆಂಪು ಇಳಕಲ್ ಸೀರಿ ಕೊಡತಿ? ಸ್ಟೇಜಿನ ಮ್ಯಾಲೆ ಛಲೋ ಕಾಣಸ್ತೈತಿ.”

ಇಲ್ಲ ಅನ್ನಲು ನೆಪ ಸಿಗಲಿಲ್ಲ. ಸೀರೆ ಕೊಟ್ಟೆ. ಕೈ ಕೊಟ್ಟಿತು, ಹೊಟ್ಟೆ ಕೊಡಲಿಲ್ಲ.

ಅವಳೂ ಮೈದುನನೂ ರೈಲು ಹತ್ತಿದರು. ಮುಟ್ಟಿದ ಮರುದಿನದಿಂದಲೇ ನಮ್ಮ ಮನೆಯ ಗ್ರೂಪಿಗೆ ಫೋಟೋಗಳು ಸುರಿಯತೊಡಗಿದವು. ಹಳೆಯ ತಗಡು ಜೋಡಿಸಿ ಮಾಡಿದ ಮನೆಯೆತ್ತರದ ನವಿಲಿನ ಮುಂದೆ ಶಾಂತಾ. ಕನ್ನಡಿ ಹಚ್ಚಿದ ಡೇರೆಯ ಬಾಗಿಲಲ್ಲಿ ಶಾಂತಾ. ಆಮೇಲೆ ಬಂತು ನೋಡಿ, ಒಂಟೆಯ ಮೇಲೆ ಶಾಂತಾ. ನನ್ನ ಸೀರೆ ಉಟ್ಟುಕೊಂಡು!

“ರಾಣಿ ಕಂಡಂಗ ಕಾಣಸ್ತಾಳ ನಮ್ಮ ಶಾಂತಾ,” ಅಂದರು ನನ್ನ ಯಜಮಾನರು. ಅವತ್ತು ಅವರ ಪಲ್ಯಕ್ಕೆ ಉಪ್ಪು ಸ್ವಲ್ಪ ಕೈಮೀರಿತು.

ಅಂಗನವಾಡಿಗೆ ಮಕ್ಕಳನ್ನು ಬಿಡಲು ಬರುವ ತಾಯಂದಿರದು ದಿನಾ ಒಂದೇ ಪ್ರಶ್ನೆ, “ಟೀಚರ್, ನಿಮ್ಮನ್ಯಾಕ ಕರೀಲಿಲ್ರಿ?” ರಜೆ ಸಿಗಲಿಲ್ಲ ಅಂತ ಹೇಳಿ ಹೇಳಿ ಸಾಕಾಯಿತು. ಒಂಟೆ, ಡೇರೆ ಹಾಳಾಗಲಿ, ನನ್ನನ್ನು ನಿಜವಾಗಿ ಸುಡುತ್ತಿದ್ದದ್ದು ಬೇರೆ. ಅಲ್ಲಿ ಅವಳು ಒಬ್ಬಳೇ. ನನ್ನ ಅರ್ಧವನ್ನೂ ಅವಳೇ ಹಾಡಿಬಿಡುತ್ತಾಳೆ. ಸಾವಿರಾರು ಜನ ಕೇಳಿದ ಮೇಲೆ ಪದಗಳೆಲ್ಲ ಶಾಂತಾನವೇ ಆಗುತ್ತವೆ. ನಾಳೆ ಊರವರು ಕೂಡ ಇವಳೊಬ್ಬಳೇ ಸಾಕು ಅಂದರೆ, ಇಷ್ಟು ವರ್ಷ ನಾನು ಹಿಡಿದ ಗೂಟಕ್ಕೆ ಏನು ಬೆಲೆ?

ಅವಳು ಹಾಡುವ ಸಂಜೆ ಉತ್ಸವವನ್ನು ಮೊಬೈಲಿನಲ್ಲಿ ನೇರವಾಗಿ ತೋರಿಸುವವರಿದ್ದರು. ನನ್ನ ಮಗಳು ಅದನ್ನು ಟಿವಿಗೆ ಜೋಡಿಸಿದಳು. ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ ಸೇರಿದರು. ಅವರಿಗೆಲ್ಲ ಚಹಾ ಮಾಡುವ ಕೆಲಸ ಯಾರದು? ನನ್ನದೇ.

ಚಹಾ ಕೊಟ್ಟು ಬಂದು ಕೂತೆ. ವೇದಿಕೆಯ ಹಿಂದೆ ಮರಳು ಕೆಂಪಗೆ ಹೊಳೆಯುತ್ತಿತ್ತು. ಮುಂದೆ ಲೆಕ್ಕವಿಲ್ಲದಷ್ಟು ಜನ. ನಡುವೆ ಬೀಸುವ ಕಲ್ಲು ಇಟ್ಟಿದ್ದರು. ಶಾಂತಾ ಕೂತು ಗೂಟ ಹಿಡಿದಳು. ಕಲ್ಲು ತಿರುಗಿತು, ಮೈಕಿನಲ್ಲಿ ಗರ್ರ್ ಗರ್ರ್ ಅಂತ ಸದ್ದು ಬಂತು. ಹಾಡು ಮಾತ್ರ ಬರಲಿಲ್ಲ. ಅವಳು ಸುಮ್ಮನೆ ಎದುರಿಗೆ ನೋಡುತ್ತ ಬೀಸುತ್ತಿದ್ದಳು.

“ಅಯ್ಯ, ಬಾಯೇ ಕಟ್ಟೇತಲ್ಲ ಪಾಪ!” ಅಂದಳು ಬಾಜೂಮನೆ ಬಸಮ್ಮ.

ಸುಳ್ಳು ಯಾಕೆ ಹೇಳಲಿ, ನನ್ನ ಹೊಟ್ಟೆಯಲ್ಲಿ ತಣ್ಣನೆ ಮಜ್ಜಿಗೆ ಇಳಿದ ಹಾಗಾಯಿತು. ಆ ಹೊತ್ತಿಗೆ ಶಾಂತಾ ಬಾಯಿ ತೆರೆದಳು.

“ನೀ ಕೈಯ ಹಚ್ಚಿದರ ಹಗುರವ್ವ...”

ಅಷ್ಟೇ. ಮತ್ತೆ ಸುಮ್ಮನಾದಳು. ಮತ್ತೆ ಬರೀ ಕಲ್ಲಿನ ಸದ್ದು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅದೇ ಸಾಲು. ಪಡಸಾಲೆಯಲ್ಲಿ ಕೂತವರು ಮುಖ ಮುಖ ನೋಡಿಕೊಂಡರು. ನನಗೆ ಮಾತ್ರ ತಿಳಿಯಿತು. ಅದು ಉಳಿದರ್ಧ, ಅವಳ ಪಾಲು. ಮೊದಲಿನ ಅರ್ಧ ನನ್ನದು. ನಾನು ಹಾಡಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅವಳು ಕಾಯುತ್ತಿದ್ದಳು. ಗೂಟವನ್ನು ಕೂಡ ಕೆಳಗೆ ಹಿಡಿದಿದ್ದಳು, ಮೇಲೆ ನನ್ನ ಕೈಯ ಜಾಗ ಖಾಲಿ ಇತ್ತು.

ಮೂರನೆಯ ಸಲ ಕಲ್ಲಿನ ಸದ್ದಷ್ಟೇ ಉಳಿದಾಗ ನನ್ನ ಬಾಯಿ ತಾನಾಗಿ ತೆರೆಯಿತು.

“ಕಲ್ಲು ಭಾರೆಂದು ಕುಂತೀಯೇ ನೆಗೆಣ್ಣಿ...”

ಟಿವಿಯೊಳಗಿಂದ ಶಾಂತಾ ತಪ್ಪದೆ ಮುಗಿಸಿದಳು. ಹೀಗೇ ನಾವಿಬ್ಬರೂ ಇಡೀ ಪದ ಹಾಡಿದೆವು, ಅವಳು ಆ ಮರಳಿನಲ್ಲಿ, ನಾನು ಖಾಲಿ ಚಹಾ ಕಪ್ಪುಗಳ ನಡುವೆ. ಕೊನೆಗೆ ಅಲ್ಲಿ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಬಸಮ್ಮ ಕೇಳಿದ್ದಕ್ಕೆ ಒಲೆಯ ಹೊಗೆ ಅಂದೆ. ನಮ್ಮದು ಗ್ಯಾಸಿನ ಒಲೆ.

ಊರಿಗೆ ಬಂದ ದಿನ ಶಾಂತಾ ಸೀರೆ ಮರಳಿಸಲು ಬಂದಳು. ಕೇಳದೆ ಇರಲಾಗಲಿಲ್ಲ.

“ಅಲ್ಲಬೇ, ಅಷ್ಟು ಮಂದಿ ಮುಂದ ಅರ್ಧಾ ಪದ ಹಾಡಿ ಬಂದೀಯಲ್ಲ. ಪೂರ್ತಿ ಬರ್ತಿತ್ತಲ್ಲ ನಿನಗ?”

“ಬರ್ತಿತ್ತು. ಅವರೂ ಪೂರ್ತಿ ಹಾಡ್ರಿ ಅಂದಿದ್ರು. ಗೂಟ ಹಿಡದ ಕೂಡಲೇ ನೀ ಎತ್ತಿಕೊಡತಿ ಅಂತ ಕಾಯಕೋತ ಕುಂತೆ, ರೂಢಿ ನೋಡ. ಆಮ್ಯಾಲೆ ಹಂಗ ಇರಲಿ ಅನಿಸ್ತು. ನಿನ್ನ ಪಾಲು ನಾ ಹಾಡಿಬಿಟ್ರ, ನನ್ನ ಪಾಲು ಯಾರು ಹಾಡಬೇಕಕ್ಕಾ?”

“ಸೀರಿ ತುಂಬ ಮರಳು ತಂದೀಯಲ್ಲ, ಝಾಡಿಸಬಾರದಾ?” ಅಂದೆ. ಅವಳು ನಕ್ಕಳು. ಇಬ್ಬರೂ ಆ ಕಡೆ ಈ ಕಡೆ ಹಿಡಿದು ಅಂಗಳದಲ್ಲಿ ಸೀರೆ ಝಾಡಿಸಿದೆವು.

ಆ ವಿಡಿಯೋ ನನ್ನ ಮೊಬೈಲಿನಲ್ಲಿದೆ. ಮನೆಯಲ್ಲಿ ಯಾರೂ ಇಲ್ಲದಾಗ ಹಚ್ಚುತ್ತೇನೆ. ಎಲ್ಲೆಲ್ಲಿ ಬರೀ ಕಲ್ಲಿನ ಸದ್ದು ಇದೆಯೋ ಅಲ್ಲೆಲ್ಲ ನನ್ನ ದಪ್ಪ ದನಿಯಲ್ಲಿ ಓಣಿಗೆ ಕೇಳುವಂತೆ ಹಾಡುತ್ತೇನೆ. ಒಮ್ಮೊಮ್ಮೆ ಉಳಿದರ್ಧ ಎರಡು ಸಲ ಕೇಳಿಸುತ್ತದೆ, ಮೊಬೈಲಿನಿಂದ ಒಮ್ಮೆ, ಗೋಡೆಯ ಆಚೆ ಶಾಂತಾನ ಅಡುಗೆಮನೆಯಿಂದ ಒಮ್ಮೆ.

ಆ ಒಂಟೆಯ ಫೋಟೋ ಮಾತ್ರ ನನ್ನಿಂದ ಇನ್ನೂ ನೋಡಲಾಗುವುದಿಲ್ಲ.