ಏಳು ನೂಲು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಕಂಪ್ಯೂಟರಿನ ಪೆಟ್ಟಿಗೆಯ ಬಣ್ಣ ಕಡುನೀಲಿ ಎಂದು ನನ್ನ ನೆನಪು. ಚಿಕ್ಕಮ್ಮ ಕಪ್ಪು ಎನ್ನುತ್ತಾಳೆ. ನನ್ನ ಡೈರಿಯಲ್ಲಿ ‘ಇವತ್ತು ಬಣ್ಣ ಹೊಡೆದೆವು’ ಎಂದಷ್ಟೇ ಇದೆ. ಯಾವುದನ್ನು ಎಂದೂ ಮರೆಯುವುದಿಲ್ಲ ಎಂದುಕೊಳ್ಳುತ್ತೇನೋ ಅದನ್ನೇ ನಾನು ಬರೆದಿಡುವುದಿಲ್ಲ.

ಕಳೆದ ತಿಂಗಳು ಚಿಕ್ಕಬಳ್ಳಾಪುರದಲ್ಲಿ ನನ್ನ ಬಾಡಿಗೆ ಮನೆಯ ಕೆಳಗೆ ಗೇಟು, ಗ್ರಿಲ್ ಮಾಡುವ ಅಂಗಡಿ ತೆರೆಯಿತು. ಕಬ್ಬಿಣ ಕೊಯ್ಯುವಾಗ ಏಳುವ ಸುಟ್ಟ ಬಣ್ಣದ ವಾಸನೆ ನನಗೆ ಇಷ್ಟವೇ. ಚಿಂತಾಮಣಿಯ ಚಿಕ್ಕಪ್ಪನ ವೆಲ್ಡಿಂಗ್ ಶಾಪಿನ ವಾಸನೆ ಅದು. ಅದನ್ನೇ ಮೂಸುತ್ತಾ ಮೆಟ್ಟಿಲಿಳಿಯುತ್ತಿದ್ದಾಗ ಮೇಸ್ತ್ರಿ ಯಾರನ್ನೋ ಗದರುವುದು ಕೇಳಿಸಿತು: “ಎಂಟು ನೂಲು ಅಂದ್ರೆ ಒಂದಿಂಚು ಕಣಪ್ಪಾ, ಎಷ್ಟು ಸಲ ಹೇಳ್ಲಿ?”

ಅಲ್ಲೇ ನಿಂತುಬಿಟ್ಟೆ. ಇದರಲ್ಲಿ ಹೆದರುವಂಥದ್ದೇನಿದೆ ಎಂದು ನೀವು ಕೇಳಬಹುದು.

ಎಂ.ಎಸ್ಸಿ. ಓದುವಾಗ ನನಗೆ ಕಂಪ್ಯೂಟರಿನ ಪೆಟ್ಟಿಗೆಯನ್ನು ನನಗೆ ಬೇಕಾದ ಹಾಗೆ ಮಾಡಿಸಿಕೊಳ್ಳುವ ಹುಚ್ಚು ಹಿಡಿದಿತ್ತು. ಪಕ್ಕಕ್ಕೆ ಗಾಜು, ಒಳಗೆ ಬಣ್ಣದ ಬೆಳಕು ಬೀರುವ ಫ್ಯಾನು, ಒಂದೂ ವೈರು ಹೊರಗೆ ಕಾಣಬಾರದು. ಒಳಗಿದ್ದದ್ದೆಲ್ಲ ಸೆಕೆಂಡ್ ಹ್ಯಾಂಡ್ ಸಾಮಾನು. ಹೊರಗೆ ಮಾತ್ರ ಮದುಮಗಳ ಸಿಂಗಾರ. ಚಿಕ್ಕಪ್ಪ ತಗಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಏಮ್ಮಾ, ಕಂಪ್ಯೂಟರ್‌ಗೂ ಕಿಟಕಿ ಬೇಕಾ? ಕರ್ಟನ್ನೂ ಹಾಕಣ ಬಿಡು” ಎಂದು ನಕ್ಕಿದ್ದರು. ನಕ್ಕರೂ ಗಾಜಿನ ಕಿಂಡಿಯನ್ನು ತಾವೇ ಕೊಯ್ದು, ಬೆರಳು ಜಾರುವಷ್ಟು ನಯವಾಗುವವರೆಗೆ ಅಂಚನ್ನು ಅರದಿಂದ ಉಜ್ಜಿದರು.

“ತಗಡಿನ ಅಂಚು ಬ್ಲೇಡ್ ಇದ್ದಂಗೆ ಕಣಮ್ಮಾ. ಹಿಂದ್ಗಡೆ ವೈರ್ ಹೋಗೋ ತೂತಿಗೆ ರಬ್ಬರ್ ಬಳೆ ಹಾಕ್ದೆ ಬಿಡಬಾರ್ದು. ತೂತು ಏಳು ನೂಲು, ಬರ್ಕೋ.”

ಸಣ್ಣ ತೂತುಗಳೇ ಹೆಚ್ಚಿದ್ದ ಹಿಂಬದಿಯ ತಗಡನ್ನು ಗೌರಿಬಿದನೂರಿನಲ್ಲಿ ಲೇಸರ್ ಕಟಿಂಗ್‌ಗೆ ಕೊಟ್ಟೆವು. ನಕ್ಷೆ ನನ್ನದು. ನಾನು ಬೆಳೆದದ್ದು ಶಿಡ್ಲಘಟ್ಟದಲ್ಲಿ. ನಮ್ಮ ಬೀದಿಯಲ್ಲಿ ನೂಲು ಎಂದರೆ ರೇಷ್ಮೆಯ ಎಳೆ, ಬೆಳಕಿಗೆ ಹಿಡಿದರಷ್ಟೇ ಕಾಣುವಂಥದ್ದು. ಅಷ್ಟು ಸಣ್ಣ ಹೆಸರಿನ ಅಳತೆ ಮಿಲಿಮೀಟರೇ ಇರಬೇಕೆಂದು ತೀರ್ಮಾನಿಸಿ, ಯಾರನ್ನೂ ಕೇಳದೆ ಏಳು ಮಿಲಿಮೀಟರ್ ಎಂದು ಬರೆದೆ. ಎಂಟು ನೂಲಿಗೆ ಒಂದಿಂಚಾದರೆ, ಚಿಕ್ಕಪ್ಪ ಹೇಳಿದ್ದು ಅದರ ಮೂರು ಪಟ್ಟು. ಏಳು ಮಿಲಿಮೀಟರಿನಲ್ಲಿ ಗೋಡೆಯಿಂದ ಕರೆಂಟು ತರುವ ವೈರು ಬಿಗಿಯಾಗಿ ತೂರೀತು, ಅಷ್ಟೇ. ರಬ್ಬರ್ ಬಳೆಗೆ ಜಾಗವಿಲ್ಲ. ಚಿಕ್ಕಪ್ಪ ಬಳೆ ಹಾಕಿದರೋ ಇಲ್ಲವೋ ನಾನು ನೋಡಲಿಲ್ಲ. ಬಣ್ಣದ ಬೆಳಕು ನೋಡುತ್ತಿದ್ದೆ.

ಕೆಲಸ ಸಿಕ್ಕಿ ಲ್ಯಾಪ್‌ಟಾಪ್ ಬಂದ ಮೇಲೆ ಆ ಕಂಪ್ಯೂಟರನ್ನು ಚಿಕ್ಕಮ್ಮನಿಗೆ ಕೊಟ್ಟೆ. ಬ್ಲೌಸಿನ ಕಸೂತಿಗೆ ಡಿಸೈನ್ ಮಾಡಲು ಅವಳು ದಿನವೂ ಅದರ ಮುಂದೆ ಕೂರುತ್ತಾಳೆ. ಅವರದು ಹಳೆಯ ಮನೆ, ಅರ್ಥಿಂಗ್ ಇಲ್ಲ; ತಗಡಿನ ಅಂಚು ವೈರನ್ನು ಸೀಳಿದರೆ ಕರೆಂಟು ಪೆಟ್ಟಿಗೆ ಮುಟ್ಟಿದವರ ಮೈಯಲ್ಲೇ ಹರಿಯಬೇಕು.

ಮೆಟ್ಟಿಲ ಮೇಲಿಂದಲೇ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಮನುಷ್ಯರು ಫೋನ್ ಎತ್ತದಿರಲು ಸಾಧಾರಣ ಕಾರಣಗಳು ಎಷ್ಟೋ ಇರುತ್ತವೆ. ನನಗೆ ಒಂದೂ ಹೊಳೆಯಲಿಲ್ಲ. ಐದನೆಯ ಸಲಕ್ಕೆ ಎತ್ತಿದಳು ಎಂದು ಡೈರಿ ಹೇಳುತ್ತದೆ. ಎರಡನೆಯ ಸಲವೂ ಇದ್ದೀತು.

“ಚಿಕ್ಕಮ್ಮಾ, ಕಂಪ್ಯೂಟರ್ ಹತ್ರ ಇದ್ದೀಯಾ?”

“ಇಲ್ಲ ಕಣೇ, ನೆಲ ಒರೆಸ್ತಿದ್ದೆ. ಇನ್ನು ಅದನ್ನೊಂದು ಒರೆಸ್ಬೇಕು.”

“ಮುಟ್ಬೇಡ! ಮುಟ್ಟಿದಾಗ ಯಾವತ್ತಾದ್ರೂ ಜುಮ್ ಅಂದಿದ್ಯಾ?”

“ಹೂಂ, ಜುಮ್ ಅಂತದೆ, ಒದ್ದೆ ಕಾಲಲ್ಲಿದ್ರೆ ಜಾಸ್ತಿ. ಕಂಪ್ಯೂಟರ್ ಅಂದ್ರೆ ಹಂಗೇ ಅಂದ್ಕೊಂಡೆ. ನೀನೇ ಮಾಡಿದ್ದಲ್ವಾ?”

ಮೇನ್ ಸ್ವಿಚ್ ಆಫ್ ಮಾಡಿ ಹೊರಗೆ ಕೂರು ಎಂದು ಹೇಳಿ ಬಸ್ಸು ಹತ್ತಿದೆ. ಕೂತ ಜಾಗದಲ್ಲಿ ಅವಳು ಸುಮ್ಮನೆ ಕೂರುವವಳಲ್ಲ. ಚಿಂತಾಮಣಿ ಬರುವವರೆಗೆ ನನ್ನ ಕಣ್ಣ ಮುಂದೆ ಇದ್ದದ್ದು ಅವಳ ಕೈಯ ಒದ್ದೆ ಬಟ್ಟೆ ಒಂದೇ.

ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. “ಏನೇ ನಿನ್ನ ಅವತಾರ, ದೆವ್ವ ನೋಡಿದಂಗೆ?” ಎಂದಳು. ಅವಳ ಕೈ ಹಿಡಿದುಕೊಂಡೆ.

ಪೆಟ್ಟಿಗೆಯನ್ನು ಚಿಕ್ಕಪ್ಪ ಬಿಚ್ಚಿದರು. ತಗಡಿನ ಅಂಚು ತಾಗುವ ಕಡೆ ವೈರಿನ ಕಪ್ಪು ಹೊದಿಕೆ ಸವೆದು, ಒಳಗಿನ ಕೆಂಪು ಪದರವೂ ಸೀಳಿ, ತಾಮ್ರ ಇಣುಕುತ್ತಿತ್ತು. ಅವರು ವೈರನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡರು.

ಈಗ ಫ್ರಿಜ್ಜನ್ನು ಕೂಡ ಮೊದಲು ಬೆರಳಿನ ಹಿಂಬದಿಯಿಂದ ಸೋಕಿ ನೋಡುತ್ತೇನೆ. ಆದರೆ ನನ್ನನ್ನು ಹೆಚ್ಚು ಕಾಡುವುದು ಕರೆಂಟಲ್ಲ. ಆ ವೈರನ್ನು ತೂತಿಗೆ ತೂರಿಸಿದ್ದು ಚಿಕ್ಕಪ್ಪನೇ, ಅಂಚನ್ನು ಅಷ್ಟು ಹೊತ್ತು ಉಜ್ಜಿದ ಅದೇ ಕೈ. ಪಕ್ಕದಲ್ಲಿ ನಿಂತು ನಾನು, “ಕಂಪ್ಯೂಟರಲ್ಲಿ ಹಾಕಿದ ಅಳತೆ ಚಿಕ್ಕಪ್ಪಾ, ತಪ್ಪಾಗಲ್ಲ” ಎಂದದ್ದು ಈಗ ಸ್ಪಷ್ಟವಾಗಿ ಕೇಳಿಸುತ್ತದೆ. ನಿಜಕ್ಕೂ ಹಾಗೆಂದೆನೋ, ಹೆದರಿಕೆ ಈಚೆಗೆ ಕಟ್ಟಿಕೊಟ್ಟ ನೆನಪೋ, ನನಗೆ ಗೊತ್ತಿಲ್ಲ. ಗೊತ್ತಿರುವವರು ಅವರೊಬ್ಬರೇ. ಆವತ್ತು ಕೇಳಿದೆ, “ಕಾಫಿ ಕುಡಿಯಮ್ಮಾ” ಎಂದರು. ಹೋದ ಭಾನುವಾರ ಫೋನಿನಲ್ಲಿ ಮತ್ತೆ ಕೇಳಿದೆ:

“ಬಳೆ ಹಿಡಿಸಲ್ಲ ಅಂತ ಗೊತ್ತಾದಾಗ ನಂಗ್ಯಾಕೆ ಹೇಳ್ಲಿಲ್ಲ ಚಿಕ್ಕಪ್ಪಾ?”

“ಕಂಪ್ಯೂಟರ್ ಅಳತೆ ಅಂದ್ಯಲ್ಲಮ್ಮಾ, ನಂದೇ ಹಳೇ ಲೆಕ್ಕ ಇರ್ಬೇಕು ಅಂದ್ಕೊಂಡೆ.”