ರಂಜಕದ ಬಾಟಲಿಯ ನೀರು

ಹದಿನೆಂಟು ವರ್ಷಗಳಿಂದ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೇನೆ. ವಿಚಿತ್ರ ಅನುಭವಗಳನ್ನು ಯಾರಾದರೂ ಹೇಳತೊಡಗಿದರೆ ನನಗೆ ಮೊದಲು ಬರುತ್ತಿದ್ದದ್ದು ನಗು. ಕನಸಿನಲ್ಲಿ ಕಂಡದ್ದು ಮರುದಿನ ನಡೆಯಿತೆಂದು ನಮ್ಮ ನಾದಿನಿ ಒಮ್ಮೆ ಹೇಳಿದಾಗ, ನಡೆಯದೆ ಹೋದ ಕನಸುಗಳ ಲೆಕ್ಕ ಎಲ್ಲಿ ಎಂದು ಕೇಳಿ ಅವಳ ಮುಖ ಸಣ್ಣದು ಮಾಡಿದ್ದೆ. ಹಾಗಾಗಿ ಈಗ ಬರೆಯುತ್ತಿರುವುದನ್ನು ನೀವು ನಂಬಬೇಕೆಂದು ನಾನು ಕೇಳಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ನಾಲ್ಕು ವರ್ಷಗಳ ಹಿಂದಿನ ಮಾತು. ಶಲವಡಿ ಕಡೆಯ ಒಂದು ಹಳ್ಳಿಯ ಕಾಲೇಜಿಗೆ ನನಗೆ ವರ್ಗವಾಗಿ ಒಂದು ವರ್ಷವಾಗಿತ್ತು. ಮನೆ ಅಣ್ಣಿಗೇರಿಯಲ್ಲಿ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಲ್ಯಾಬಿನ ಹಿಂದೆ ಕಿಟಕಿಯಿಲ್ಲದ ಸಣ್ಣ ಕೋಣೆ. ಅದರ ಗೋಡೆಯೊಳಗೆ ಕಬ್ಬಿಣದ ಬಾಗಿಲಿನ ಒಂದು ಕಪಾಟು. ಅದಕ್ಕೆ ಬೀಗ, ಕೀಲಿ ಯಾರ ಬಳಿಯೂ ಇರಲಿಲ್ಲ. ಹಳೆಯ ಅಟೆಂಡರ್ ಫಕೀರಪ್ಪನವರು ಎರಡು ವರ್ಷದ ಹಿಂದೆ ನಿವೃತ್ತರಾಗಿ ತಮ್ಮೂರು ಕುಬಿಹಾಳಕ್ಕೆ ಹೋದ ಮೇಲೆ ಅದನ್ನು ಯಾರೂ ತೆರೆದಿರಲಿಲ್ಲ. ನಾನೂ ತೆರೆಸಲಿಲ್ಲ. ಅದು ನನ್ನದೇ ತಪ್ಪು, ಮುಚ್ಚಿಡುವುದಿಲ್ಲ.

ಆ ವರ್ಷ ಮೇ ತಿಂಗಳಲ್ಲಿ ಸುಣ್ಣ ಬಣ್ಣ ಮಾಡಿಸಲು ಕೋಣೆ ಖಾಲಿ ಮಾಡಬೇಕಾಯಿತು. ಆಗ ಸ್ಟಾಕ್ ರಿಜಿಸ್ಟರ್ ತೆಗೆದು ಮೊದಲ ಸಲ ಗಮನವಿಟ್ಟು ಓದಿದೆ. ಕಪಾಟಿನ ಸಾಮಾನುಗಳ ಪಟ್ಟಿಯಲ್ಲಿ ‘ಹಳದಿ ರಂಜಕ, ಒಂದು ಬಾಟಲಿ’ ಎಂದಿತ್ತು. 

ರಂಜಕ, ಎಂದರೆ ಫಾಸ್ಫರಸ್, ಗಾಳಿ ತಾಗಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಮೈಮೇಲೆ ಬಿದ್ದರೆ ಎಲುಬಿನವರೆಗೆ ಸುಡುತ್ತದೆ, ಹೊಗೆಯೂ ವಿಷ. ಅದನ್ನು ಸದಾ ನೀರಿನಲ್ಲಿ ಮುಳುಗಿಸಿಯೇ ಇಡಬೇಕು. ನಮ್ಮ ಕಡೆಯ ಬೇಸಿಗೆಯಲ್ಲಿ ಮುಚ್ಚಳ ಸ್ವಲ್ಪ ಸಡಿಲವಾಗಿದ್ದರೂ ಸಾಕು, ನೀರು ಆರುತ್ತ ಹೋಗುತ್ತದೆ. ವಾರಕ್ಕೊಮ್ಮೆಯಾದರೂ ನೋಡಿ ನೀರು ತುಂಬುವವರೊಬ್ಬರು ಬೇಕು. ಎರಡು ಬೇಸಿಗೆ ಕಳೆದಿದ್ದವು. ಪಕ್ಕದ ಕೊಠಡಿಯಲ್ಲಿ ಇನ್ನು ಮೂರು ವಾರಕ್ಕೆ ಮಕ್ಕಳು ಪೂರಕ ಪರೀಕ್ಷೆ ಬರೆಯುವವರಿದ್ದರು.

ಪ್ರಾಚಾರ್ಯರಿಗೆ ಹೇಳಿದೆ. ಅವರು, “ಫಕೀರಪ್ಪ ಇರೂತನಕಾ ಎಲ್ಲಾ ಅಂವನ ನೋಡ್ಕೋತಿದ್ದ್ರಿ ಮೇಡಂ. ನಮಗೇನೂ ಗೊತ್ತಿಲ್ಲ. ನೀವು ಹೆಂಗ ಹೇಳ್ತೀರಿ ಹಂಗ ಮಾಡೂಣು” ಎಂದರು. ಗ್ರೈಂಡರಿನಿಂದ ಬೀಗ ಕತ್ತರಿಸಬೇಡಿ, ಕಿಡಿ ಹಾರಬಾರದು ಎಂದೆ. ಎರಡು ಬಕೆಟ್ ಉಸುಕು, ಒಂದು ಬಕೆಟ್ ನೀರು ಬಾಗಿಲಲ್ಲಿಟ್ಟುಕೊಂಡು, ಬುಧವಾರ ಬೀಗ ರಿಪೇರಿಯವನನ್ನು ಅಣ್ಣಿಗೇರಿಯಿಂದ ಕರೆಸಿ ಬೀಗ ತೆಗೆಸಿದೆವು.

ಒಳಗೆ ಸುಟ್ಟ ಕಲೆಯಿರಬಹುದು, ಇಲ್ಲವೆ ಬಾಟಲಿಯೇ ಇರಲಿಕ್ಕಿಲ್ಲ ಎಂದುಕೊಂಡಿದ್ದೆ. ಬಾಟಲಿ ಇತ್ತು. ಕಪಾಟಿನ ಹಲಗೆಯ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು. ಬಾಟಲಿಯ ಮುಚ್ಚಳ ಅಂಚಿನಲ್ಲಿ ಒಡೆದಿತ್ತು. ಒಳಗೆ ಮೇಣದ ಕಡ್ಡಿಯಂಥ ನಾಲ್ಕು ತುಂಡುಗಳು, ಅವುಗಳ ಮೇಲೆ ಕಂಠದವರೆಗೂ ತಿಳಿನೀರು.

ಪ್ರಾಚಾರ್ಯರು ನಿರಾಳವಾಗಿ ಉಸಿರು ಬಿಟ್ಟರು. “ಏನೂ ಆಗಿಲ್ಲಲ್ರೀ!” ಎಂದರು. ನಾನು ತಲೆಯಾಡಿಸಿದೆ. ಆದರೆ ನನಗೆ ಸಮಾಧಾನವಾಗಲಿಲ್ಲ. ಒಡೆದ ಮುಚ್ಚಳದ ಬಾಟಲಿಯಲ್ಲಿ ಎರಡು ವರ್ಷ ನೀರು ಆರದೆ ಉಳಿಯುವುದು ಹೇಗೆ?

ಧಾರವಾಡದಲ್ಲಿ ಇಂಥ ವಸ್ತುಗಳನ್ನು ವಿಲೇವಾರಿ ಮಾಡುವ ಪರಿಚಿತರೊಬ್ಬರಿಗೆ ಫೋನ್ ಮಾಡಿದೆ. ಬರಲು ಎರಡು ವಾರವಾಗುತ್ತದೆ. ಅಲ್ಲಿಯವರೆಗೆ ಬಾಟಲಿ ಅಲುಗಾಡಿಸಬೇಡಿ, ಮುಚ್ಚಳ ಬದಲಿಸಲು ಹೋಗಬೇಡಿ, ನೀರು ಬಹಳ ಇಳಿದರೆ ಮಾತ್ರ ಮುಚ್ಚಳ ಮೆಲ್ಲಗೆತ್ತಿ ತುಂಬಿ, ಕೋಣೆಗೆ ಯಾರನ್ನೂ ಬಿಡಬೇಡಿ ಎಂದರು. ಕಪಾಟಿಗೆ ಹೊಸ ಬೀಗ ಹಾಕಿದೆ. ಅದರ ಎರಡೂ ಕೀಲಿ ನನ್ನ ಪರ್ಸಿನಲ್ಲಿ. ಬೀಗ ಹಾಕುವ ಮೊದಲು, ನೀರಿದ್ದ ಮಟ್ಟಕ್ಕೆ ಗಾಜಿನ ಮೇಲೆ ಬರೆಯುವ ಪೆನ್ನಿನಿಂದ ಕೆಂಪು ಗೆರೆ ಎಳೆದು, ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆ.

ಶನಿವಾರ ತೆರೆದು ನೋಡಿದೆ. ನೀರು ಗೆರೆಯಿಂದ ಅರ್ಧ ಬೆರಳು ಕೆಳಗಿಳಿದಿತ್ತು. ಆ ಬಿಸಿಲಿಗೆ, ಆ ಮುಚ್ಚಳಕ್ಕೆ, ಅದು ಸಹಜವೇ. ರಂಜಕದ ಮೇಲೆ ಇನ್ನೂ ನಾಲ್ಕು ಬೆರಳು ನೀರಿತ್ತು, ಭಯವಿರಲಿಲ್ಲ. ಮತ್ತೊಂದು ಫೋಟೊ ತೆಗೆದು ಬೀಗ ಹಾಕಿದೆ. ಆದರೆ ಅರ್ಧ ಬೆರಳಿಗೆ ಮೂರು ದಿನ ಎಂದಾದರೆ, ಎರಡು ವರ್ಷ ಯಾರು ತುಂಬಿದರು? ಬಹುಶಃ ಫಕೀರಪ್ಪನವರು ಆಗಾಗ ಬಂದು ಹೋಗುತ್ತಿರಬೇಕು, ಧೂಳು ಹೇಗೋ ಉಳಿದಿರಬೇಕು ಎಂದು ಲೆಕ್ಕ ಹಾಕಿದೆ. ಕಪಾಟಿನಲ್ಲಿ ಚೀಟಿ ಅಳಿಸಿಹೋದ ಇನ್ನೆರಡು ಬಾಟಲಿಗಳಿದ್ದವು. ಅವುಗಳಲ್ಲಿ ಏನಿದೆಯೆಂದೂ ಅವರನ್ನೇ ಕೇಳಬೇಕಿತ್ತು. ಸೋಮವಾರ ಹುಬ್ಬಳ್ಳಿ, ಕುಂದಗೋಳ ಮಾರ್ಗವಾಗಿ ಕುಬಿಹಾಳಕ್ಕೆ ಹೋದೆ.

ಮನೆ ಸಿಕ್ಕಾಗ ಮೂರೂವರೆಯಾಗಿತ್ತು. ಬಾಗಿಲು ತೆರೆದದ್ದು ಅವರ ಹೆಂಡತಿ ನೀಲವ್ವ. ಹಣೆ ತುಂಬ ವಿಭೂತಿ ಹಚ್ಚಿಕೊಂಡಿದ್ದರು. ನಾನು ಬಂದ ಕಾರಣ ಹೇಳಿದೆ.

“ಅವರನ್ನ ಏನ್ ಕೇಳ್ತೀರ್ರಿ ಮೇಡಮ್ಮಾರ,” ಎಂದರು ನೀಲವ್ವ. “ರಿಟೈರ್ ಆಗಿ ತಿಂಗಳಿಗೇ ಲಕ್ವಾ ಹೊಡೀತ್ರಿ. ಮಾತ ಇಲ್ಲ. ಬಲಗೈ ಒಂದ ಆಡ್ತೈತಿ. ಹೊಚ್ಚಲಾ ದಾಟಿ ಎರಡ ವರ್ಷಾತು.”

ಒಳಗೆ ಮಂಚದ ಮೇಲೆ ಫಕೀರಪ್ಪನವರು ದಿಂಬಿಗೊರಗಿ ಕುಳಿತಿದ್ದರು. ತೆಳ್ಳಗಿನ ಮನುಷ್ಯ, ತಲೆ ನುಣ್ಣಗೆ ಬಾಚಿತ್ತು. ನಾನು ಯಾವ ಕಾಲೇಜಿನವಳೆಂದು ಹೇಳಿದಾಗ ಕಣ್ಣುಗಳು ನನ್ನ ಮೇಲೆ ನಿಂತವು. ಕಪಾಟು ತೆಗೆಸಿದ್ದೇವೆ, ರಂಜಕಕ್ಕೆ ಏನೂ ಆಗಿಲ್ಲ, ನೀರಿದೆ ಎಂದೆ. ಅವರು ಬಲಗೈ ಎತ್ತಿದರು. ಹೆಬ್ಬೆರಳು, ತೋರುಬೆರಳುಗಳ ನಡುವೆ ಒಂದಿಷ್ಟು ಅಂತರ ಬಿಟ್ಟು ನನಗೆ ತೋರಿಸಿದರು. ನನಗೆ ತಿಳಿಯಲಿಲ್ಲ.

“ಸ್ವಲ್ಪ ಚಾ ಕೊಡು ಅಂತಾರ್ರಿ ನಿಮಗ,” ಎಂದು ನೀಲವ್ವ ಒಳಗೆ ಹೋದರು. ಫಕೀರಪ್ಪನವರು ತಲೆ ಅಡ್ಡಡ್ಡ ಆಡಿಸಿ ಮತ್ತೆ ಅದನ್ನೇ ತೋರಿಸಿದರು.

ಚಹಾ ಕುಡಿದು ಕಪ್ಪು ಕೆಳಗಿಡುವಾಗ ನಾಲ್ಕು ಗಂಟೆ. ಫಕೀರಪ್ಪನವರು ಮಂಚದ ಪಟ್ಟಿಯನ್ನು ಬೆರಳಿನಿಂದ ಬಡಿದರು. ನೀಲವ್ವ ಏನೂ ಕೇಳದೆ ಒಂದು ಚರಿಗೆ ನೀರು ತಂದು ಕೈಗೆ ಕೊಟ್ಟರು, ತೊಡೆಯ ಮೇಲೆ ಬೋಗುಣಿಯಿಟ್ಟರು. ಅವರು ಚರಿಗೆಯನ್ನು ಬಗ್ಗಿಸಿ ನೂಲಿನಷ್ಟು ಸಣ್ಣ ಧಾರೆಯಲ್ಲಿ ನೀರು ಬಿಡತೊಡಗಿದರು. ಕತ್ತು ಬಾಗಿಸಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಅಳತೆ ಜಾಡಿಯಲ್ಲಿ ನೀರಿನ ಮಟ್ಟ ನೋಡುವಾಗ ನಾವು ಮಕ್ಕಳಿಗೆ ಕಲಿಸುವುದು ಹಾಗೆಯೇ. ಥಟ್ಟನೆ ಕೈ ನಿಲ್ಲಿಸಿ, ಚರಿಗೆ ಹಿಂದಕ್ಕೆ ಕೊಟ್ಟು, ದಿಂಬಿಗೊರಗಿ ಕಣ್ಣು ಮುಚ್ಚಿದರು.

“ಪ್ರತಿ ಸೋಮವಾರ ಇದ ಸಮಯಕ್ಕ ಹಿಂಗ ಮಾಡ್ತಾರ್ರಿ,” ಎಂದರು ನೀಲವ್ವ. “ಕುಡ್ಯಾಂಗಿಲ್ಲ, ಮಾರಿ ತೊಳ್ಕೊಳ್ಳಾಂಗಿಲ್ಲ. ವಾರ ಹೆಂಗ ಗೊತ್ತಾಗ್ತೈತೋ ಏನೋ. ಡಾಕ್ಟರ್ ಹುಚ್ಚ ಅಂದ್ರು. ನಾ ಹಂಗ ಅನ್ನಂಗಿಲ್ರಿ. ಸೋಮವಾರ ಅಲ್ರೀ, ಲಿಂಗಕ್ಕ ನೀರ ಹಾಕ್ತಾರ ಅಂತ ತಿಳ್ಕೊಂಡೇನಿ.”

ನಾನು ನನ್ನ ಫೋನ್ ನಂಬರ್ ಕೊಟ್ಟು ಎದ್ದೆ. ಬಸ್ಸಿನಲ್ಲಿ ಕುಂದಗೋಳ ದಾಟಿದ ಮೇಲೆ ಅವರ ಬೆರಳುಗಳು ನೆನಪಾದವು. ನನ್ನ ಬೆರಳುಗಳನ್ನು ಹಾಗೆಯೇ ಹಿಡಿದು ನೋಡಿದೆ. ಅರ್ಧ ಬೆರಳು. ನೀರು ಅಷ್ಟು ಇಳಿದ ಸಂಗತಿ ನಾನು ಅವರಿಗೆ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಕಾಲೇಜಿನ ಗೇಟು ತೆರೆಯುವ ಹೊತ್ತಿಗೇ ಹೋಗಿ ನಿಂತಿದ್ದೆ. ಬೀಗ ನಾನು ಹಾಕಿದ ಹಾಗೆಯೇ ಇತ್ತು. ಬಾಗಿಲು ತೆರೆದೆ. ನೀರು ಸರಿಯಾಗಿ ಕೆಂಪು ಗೆರೆಗೆ ನಿಂತಿತ್ತು. ಬಾಟಲಿಯ ಹೊರಮೈಮೇಲೆ ಒಂದೇ ಒಂದು ಹನಿ ಇಳಿದು ಧೂಳಿನಲ್ಲಿ ಸಣ್ಣ ಗುಂಡನೆಯ ಕಲೆ ಮಾಡಿತ್ತು.

ಮೂರನೆಯ ಫೋಟೊ ತೆಗೆದೆ. ಆಮೇಲೆ ಚಾವಣಿ ನೋಡಿದೆ, ಗೋಡೆ ತಟ್ಟಿ ನೋಡಿದೆ. ಮಳೆಯಿರಲಿಲ್ಲ, ಮೇಲೆ ನೀರಿನ ಟಾಕಿಯಿರಲಿಲ್ಲ, ಕಪಾಟಿನ ಹಿಂದೆ ನಲ್ಲಿಯ ಪೈಪೂ ಹಾದಿರಲಿಲ್ಲ. ಯಾರಾದರೂ ಬೀಗ ತೆಗೆದಿದ್ದರೆ ಎಂದು ಸಿಪಾಯಿಯನ್ನು ಕೇಳಿದೆ. ಅವನು ಆ ಕೋಣೆಯ ಹತ್ತಿರ ಸುಳಿಯಲೂ ಹೆದರುತ್ತಿದ್ದ.

ಇಷ್ಟಕ್ಕೇ ಬಿಟ್ಟಿದ್ದರೆ, ನಾನು ಏನನ್ನೋ ತಪ್ಪಾಗಿ ನೋಡಿದೆ ಎಂದುಕೊಂಡು ಸುಮ್ಮನಾಗುತ್ತಿದ್ದೆ. ಆದರೆ ನನ್ನ ಕಸುಬು ಪರೀಕ್ಷಿಸಿ ನೋಡುವುದು. ಮುಂದಿನ ಸೋಮವಾರ ಹುಬ್ಬಳ್ಳಿಯಿಂದ ತಂದ ಭಟ್ಟಿ ಇಳಿಸಿದ ನೀರು ಹಿಡಿದು ಹತ್ತು ಗಂಟೆಗೆ ಕಪಾಟು ತೆರೆದೆ. ನೀರು ಮತ್ತೆ ಒಂದು ಬೆರಳಿನಷ್ಟು ಇಳಿದಿತ್ತು. ಕೈಗವಸು, ಕನ್ನಡಕ ಹಾಕಿಕೊಂಡು, ಮುಚ್ಚಳ ಎತ್ತಿ, ಪಿಪೆಟ್ಟಿನಿಂದ ಹನಿಹನಿಯಾಗಿ ಗೆರೆಯವರೆಗೆ ತುಂಬಿದೆ. ಯಾರೂ ಜೊತೆಗಿರಲಿಲ್ಲ. ಕುಬಿಹಾಳಕ್ಕೆ ಫೋನ್ ಮಾಡಲಿಲ್ಲ.

ಸಂಜೆ ಐದಕ್ಕೆ ನೀಲವ್ವನೇ ಫೋನ್ ಮಾಡಿದರು. ದನಿಯಲ್ಲಿ ಗಾಬರಿಯಿತ್ತು.

“ಮೇಡಮ್ಮಾರ, ಇವತ್ತ ಇವರು ನೀರ ಕೇಳಲೇ ಇಲ್ರಿ. ನಾಕ ಹೊಡದ ಮ್ಯಾಲ ನಾನ ಚರಿಗಿ ತಂದ್ಕೊಟ್ಟೆ. ಕೈಲೆ ಹಿಂದಕ್ಕ ಸರಸಿದ್ರು. ಎರಡ ವರ್ಷದಾಗ ಒಂದ ವಾರನೂ ತಪ್ಪಿಸಿದ್ದಿಲ್ರಿ. ಜೀವಕ್ಕೇನರ ಆಕ್ಕೈತೇನೋ ಅಂತ ಹೆದರಿಕಿ ಬಂದೈತಿ.”

ಉಸಿರಾಟ ಹೇಗಿದೆ ಎಂದು ಕೇಳಿದೆ. ಆರಾಮಾಗಿ ನಿದ್ದಿ ಮಾಡ್ಯಾರ್ರಿ ಎಂದರು. ಹಾಗಾದರೆ ಹೆದರಬೇಡಿ ಎಂದೆ. 

ಗುರುವಾರ ಧಾರವಾಡದವರು ಬಂದರು. ಉಸುಕು ತುಂಬಿದ ಡಬ್ಬಿಯಲ್ಲಿ ಬಾಟಲಿಯನ್ನು ನಿಲ್ಲಿಸಿ, ನೀರು ಮತ್ತೊಮ್ಮೆ ನೋಡಿ, ಚೀಟಿಯಿಲ್ಲದ ಆ ಎರಡು ಬಾಟಲಿಗಳ ಜೊತೆ ಜೋಪಾನವಾಗಿ ಒಯ್ದರು. ಮಕ್ಕಳು ಪರೀಕ್ಷೆ ಬರೆದರು. ಫೋಟೊಗಳು ಈಗಲೂ ನನ್ನ ಹತ್ತಿರ ಇವೆ. ಭೌತಶಾಸ್ತ್ರದ ಸಹೋದ್ಯೋಗಿಗೆ ತೋರಿಸಿದಾಗ ಅವರು ಫೋಟೊ ತೆಗೆದ ಕೋನದ ಬಗ್ಗೆ ಅರ್ಧ ಗಂಟೆ ಮಾತಾಡಿದರು. ನಾನು ವಾದ ಮಾಡಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಫಕೀರಪ್ಪನವರು ಆಮೇಲೆ ಏಳು ತಿಂಗಳು ಬದುಕಿದ್ದರು. ಮತ್ತೆಂದೂ ಸೋಮವಾರ ನೀರು ಕೇಳಲಿಲ್ಲವಂತೆ.

ಬಾಟಲಿ ಹೋದ ದಿನ ಸಂಜೆಯೇ ನಾನು ನೀಲವ್ವನಿಗೆ ಫೋನ್ ಮಾಡಿದ್ದೆ. ಕಪಾಟಿನಲ್ಲಿ ಏನಿತ್ತು, ಅದಕ್ಕೆ ನೀರು ಯಾಕೆ ಬೇಕು, ಇವತ್ತು ಅದನ್ನು ಒಯ್ದರು ಎಂದಷ್ಟೇ ಹೇಳಿದೆ. ನನ್ನ ಅನುಮಾನದ ಮಾತು ಒಂದೂ ಆಡಲಿಲ್ಲ.  ಆಕೆ ಕೇಳಿದರು:

“ಹಂಗಾರ ಅವರ ಕೆಲಸ ಮುಗೀತೇನ್ರಿ ಮೇಡಮ್ಮಾರ?”

“ಹೌದ್ರಿ, ಮುಗೀತು,” ಎಂದೆ. ಯಾಕೆ ಹಾಗೆಂದೆನೋ, ಇವತ್ತಿಗೂ ನನಗೆ ಗೊತ್ತಿಲ್ಲ.